ಡ್ಯಾಶ್‌ಬೋರ್ಡ್ ಒಳಗಿನ ಜೀರುಂಡೆ: ಹಳೇ ಮಾರುತಿ 800ರ ಮೀಟರ್ ಸದ್ದು ಹಿಡಿದ ಕತೆ

ಗಾಡಿ 1996ರ ಮಾರುತಿ 800. ಅಪ್ಪ ಹೊಸದಾಗಿ ತಂದಿದ್ದು. ಈಗ ಹಾಸನದಲ್ಲಿ ನನ್ನ ಜೊತೆ ಇದೆ, ಅಪ್ಪನೂ ನನ್ನ ಜೊತೆಯೇ ಇದ್ದಾರೆ. ಇಲ್ಲಿಯವರೆಗೆ ಓಡಿರುವುದು 1 ಲಕ್ಷ 38 ಸಾವಿರ ಕಿ.ಮೀ. ಚಿಲ್ಲರೆ. ಇದನ್ನು ಇಷ್ಟು ಧೈರ್ಯವಾಗಿ ಹೇಳೋಕೆ ಕಾರಣ ಅಪ್ಪನ ಡೈರಿ. ಗಾಡಿ ಮನೆಗೆ ಬಂದ ದಿನದಿಂದ ಪೆಟ್ರೋಲ್ ಹಾಕಿಸಿದ್ದು, ಆಯಿಲ್ ಬದಲಿಸಿದ್ದು, ಪಂಕ್ಚರ್ ಆಗಿದ್ದು, ಎಲ್ಲವನ್ನೂ ಮೀಟರ್ ರೀಡಿಂಗ್ ಸಮೇತ ಬರೆದಿಟ್ಟಿದ್ದಾರೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಸುಮ್ನಿರಲ್ಲ. ನಾವೆಲ್ಲ ಆ ಡೈರಿಯನ್ನು ತಮಾಷೆ ಮಾಡುತ್ತಿದ್ದೆವು. ಕೊನೆಗೆ ರೋಗ ಹಿಡಿದುಕೊಟ್ಟಿದ್ದರಲ್ಲಿ ಅರ್ಧ ಪಾಲು ಅದರದ್ದೇ.

ಹೋದ ಡಿಸೆಂಬರ್ ಮೊದಲ ವಾರ ಸದ್ದು ಶುರುವಾಯಿತು. ಬೆಳಿಗ್ಗೆ 6 ಗಂಟೆಗೆ ಮಗಳನ್ನು ಟ್ಯೂಷನ್‌ಗೆ ಬಿಡೋಕೆ ಹೊರಟರೆ, 30 ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡ್ ಕಡೆಯಿಂದ ಟಿಕ್ ಟಿಕ್ ಟಿಕ್. 40ರ ಹತ್ತಿರ ಹೋದರೆ ಅದರ ಮೇಲೆ ಇನ್ನೊಂದು, ಕಿರ್ರ್ ಅಂತ ಉದ್ದಕ್ಕೆ ಎಳೆಯುವ ಕೂಗು. ಸಕಲೇಶಪುರದ ಕಡೆ ಸಂಜೆ ಹೊತ್ತು ಕಾಡಿನ ಪಕ್ಕ ಗಾಡಿ ನಿಲ್ಲಿಸಿದರೆ ಜೀರುಂಡೆ ಕೂಗುತ್ತಲ್ಲ, ಹೆಚ್ಚುಕಡಿಮೆ ಅದೇ. ಹತ್ತು ಹನ್ನೆರಡು ಕಿಲೋಮೀಟರ್ ಓಡಿದ ಮೇಲೆ ಕೂಗು ಸಣ್ಣಗಾಗುತ್ತಿತ್ತು. ಬಿಸಿಲು ಏರಿದ ಮೇಲೆ ಇಲ್ಲವೇ ಇಲ್ಲ. ಹೆಂಡತಿ ಮೊದಲ ದಿನವೇ ತೀರ್ಪು ಕೊಟ್ಟಳು: "ಒಳಗೆ ಇಲಿ ಸೇರ್ಕೊಂಡಿದೆ ಕಣ್ರೀ."

ಬಿಸಿಲು ಏರಿದರೆ ಸದ್ದಿಲ್ಲ ಅನ್ನುವುದೇ ದೊಡ್ಡ ತೊಂದರೆ. ಗ್ಯಾರೇಜ್ ತೆಗೆಯುವುದು ಹತ್ತು ಗಂಟೆಗೆ. ನಮ್ಮ ಸರದಿ ಬರುವುದು ಹನ್ನೊಂದೂವರೆಗೆ. ಅಷ್ಟು ಹೊತ್ತಿಗೆ ಗಾಡಿ ಹಾಲು ಕುಡಿದ ಮಗುವಿನ ಹಾಗೆ ತೆಪ್ಪಗಿರುತ್ತಿತ್ತು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು "ಏನೂ ಕೇಳ್ತಾ ಇಲ್ವಲ್ಲ ಸಾರ್" ಅಂದರು. ನಾನು ಬಾಯಲ್ಲಿ ಸದ್ದು ಮಾಡಿ ತೋರಿಸಿದೆ. ಟಿಕ್ ಟಿಕ್ ಅಂದಿದ್ದು ಕೇಳಿ, ಸ್ಪೀಡ್ ಜಾಸ್ತಿಯಾದರೆ ಟಿಕ್ ಟಿಕ್ ಕೂಡ ಬೇಗ ಆಗುತ್ತಾ ಅಂತ ಕೇಳಿದರು. ಹೌದು ಅಂದೆ. ಹಾಗಾದರೆ ಮುಂದಿನ ಎಡಗಡೆ ಚಕ್ರದ ಬೇರಿಂಗ್ ಅಂದರು. ಹಾಕಿಸಿದೆ. ಸಾಮಾನು, ಕೂಲಿ ಎಲ್ಲ ಸೇರಿ 2,400 ರೂಪಾಯಿ. ಮಾರನೇ ಬೆಳಿಗ್ಗೆ 6 ಗಂಟೆಗೆ ಟಿಕ್ ಟಿಕ್ ಟಿಕ್, ಕಿರ್ರ್.

ಅವರನ್ನು ಬೈಯುವ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ, ಅದರಲ್ಲೊಂದು ಚಂದದ ಲೆಕ್ಕ ಇದೆ.

ಆಮೇಲೆ ನಮ್ಮ ಭಾವ ಬಂದರು. ಸ್ಪೀಡ್ ತೋರಿಸುವ ಮೀಟರಿಗೆ ಹೋಗುವ ಕೇಬಲ್ ಒಣಗಿದೆ ಅಂದರು. ಇದು ಸರಿಯಾದ ದಿಕ್ಕು. ಆದರೆ ಮದ್ದು ಸರಿ ಇರಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ತಂದು, ಕೇಬಲ್ ತುದಿ ಬಿಚ್ಚಿ, ಒಳಗೆ ಅರ್ಧ ಡಬ್ಬಿ ಹೊಡೆದರು. ಒಂದು ವಾರ ಗಾಡಿ ಮೌನವ್ರತ. ಎಂಟನೇ ದಿನ ಸದ್ದು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಆ ಸ್ಪ್ರೇಯಲ್ಲಿ ಇರುವುದು ಹೆಚ್ಚಾಗಿ ಆರಿಹೋಗುವ ದ್ರಾವಕ. ತುಕ್ಕು ಹಿಡಿದ ನಟ್‌ಗೆ ಅದು ದೇವರು, ಕೇಬಲ್‌ಗೆ ಅಲ್ಲ. ಒಳಗೆ ಅಲ್ಪಸ್ವಲ್ಪ ಉಳಿದಿದ್ದ ಹಳೇ ಗ್ರೀಸನ್ನೂ ಕರಗಿಸಿ ತೊಳೆದು, ತಾನು ಆರಿಹೋಗುತ್ತದೆ. ಆಮೇಲೆ ಉಳಿಯುವುದು ಕಬ್ಬಿಣದ ಮೇಲೆ ಕಬ್ಬಿಣ.

ಸಂಕ್ರಾಂತಿ ಮುಗಿದ ಮೇಲೆ ನಾನೇ ಕೂತು ನೋಡೋಣ ಅಂದುಕೊಂಡೆ. ಬಿಚ್ಚುವ ಮೊದಲು ಈ ಮೀಟರ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದುಕೊಳ್ಳಬೇಕಿತ್ತು.

ಈಗಿನ ಗಾಡಿಗಳಲ್ಲಿ ಸೆನ್ಸರ್ ಇರುತ್ತದೆ, ವೈರ್ ಬರುತ್ತದೆ, ಮುಗಿಯಿತು. ಹಳೇ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಮೀಟರ್‌ವರೆಗೆ ನಿಜವಾಗಿಯೂ ಒಂದು ತಂತಿ ತಿರುಗುತ್ತಿರುತ್ತದೆ. ಗೇರ್‌ಬಾಕ್ಸಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಗೇರ್, ಅದಕ್ಕೆ ಸಿಕ್ಕಿಸಿದ ಇನ್ನರ್ (ಅದೇ ತಿರುಗುವ ತಂತಿ), ಇನ್ನರ್ ಸುತ್ತ ತಿರುಗದೆ ನಿಂತಿರುವ ಕೊಳವೆ, ಅದು ಔಟರ್. ಹಳೇ ಸ್ಕೂಟರ್ ಇಟ್ಟುಕೊಂಡಿದ್ದವರಿಗೆ ಇದು ಗೊತ್ತೇ ಇರುತ್ತದೆ, ಅಲ್ಲಿ ಮುಂದಿನ ಚಕ್ರದಿಂದ ಬರುತ್ತದೆ, ಇಲ್ಲಿ ಗೇರ್‌ಬಾಕ್ಸಿನಿಂದ, ಅಷ್ಟೇ ವ್ಯತ್ಯಾಸ. ಮೀಟರ್ ಒಳಗೆ ಹೋದ ಮೇಲೆ ಇನ್ನರ್‌ನ ಚೌಕದ ತುದಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆದರೂ ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿಯ ಹಾಗೆ ಕರೆಂಟ್ ಹುಟ್ಟಿ ಬಟ್ಟಲನ್ನು ಅದೇ ದಿಕ್ಕಿಗೆ ಎಳೆಯುತ್ತದೆ. ಬಟ್ಟಲಿಗೆ ಮುಳ್ಳು ಅಂಟಿದೆ, ಒಂದು ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿದಿದೆ. ಎಳೆತ ಜಾಸ್ತಿಯಾದಷ್ಟೂ ಮುಳ್ಳು ಮುಂದಕ್ಕೆ. ಜರ್ಮನಿಯ ಓಟೋ ಶುಲ್ಟ್ಸೆ ಇದಕ್ಕೆ ಪೇಟೆಂಟ್ ತಗೊಂಡಿದ್ದು 1902ರಲ್ಲಿ. ನಮ್ಮ 1996ರ ಗಾಡಿಯಲ್ಲೂ ಅದೇ ಉಪಾಯ, ಹೆಚ್ಚು ಬದಲಾವಣೆ ಏನಿಲ್ಲ.

ಹಾಗಾದರೆ ಸದ್ದು ಬರಬಹುದಾದ ಜಾಗ ಮೂರು. ಕೆಳಗಿನ ಗೇರ್, ನಡುವಿನ ಕೇಬಲ್, ಮೇಲಿನ ಮೀಟರ್. ತೊಂದರೆ ಏನೆಂದರೆ ಕಿವಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನರ್ ಒಂದು ಕಡೆ ಉಜ್ಜಿದರೆ ಸದ್ದು ಔಟರ್ ಗುಂಟ ಹರಿದು ಮೀಟರ್ ಹತ್ತಿರ ಕೇಳುತ್ತದೆ, ಯಾಕಂದ್ರೆ ಡಯಲ್‌ನ ತೆಳು ತಗಡು ಮತ್ತು ಪ್ಲಾಸ್ಟಿಕ್ ಡಬ್ಬ ಎರಡೂ ಸೇರಿ ತಮಟೆ ಇದ್ದ ಹಾಗೆ. ಮೀಟರ್ ಕೂಗಿದರೂ ಅದು ಕೇಬಲ್ ಗುಂಟ ಇಳಿದು ಎಡಗಡೆ ಕಾಲಿನ ಹತ್ತಿರ ಕೇಳಬಹುದು. ಒಂದೊಂದೇ ತುಂಡು ಬೇರೆ ಮಾಡಿ ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿದೆ. ಖಾಲಿ ಸಮತಟ್ಟು ರಸ್ತೆಯಲ್ಲಿ 45ಕ್ಕೆ ಹೋಗಿ ನ್ಯೂಟ್ರಲ್ ಮಾಡಿ ಬಿಟ್ಟೆ (ಇದನ್ನು ಘಾಟ್‌ನಲ್ಲಿ ದಯವಿಟ್ಟು ಮಾಡಬೇಡಿ). ಎಂಜಿನ್ ಐಡಲ್‌ಗೆ ಇಳಿಯಿತು, ಸದ್ದು ಇಳಿಯಲಿಲ್ಲ, ಗಾಡಿ ನಿಧಾನವಾದ ಹಾಗೆ ತಾನೂ ನಿಧಾನವಾಯಿತು. ಅಂದರೆ ಎಂಜಿನ್, ಫ್ಯಾನ್ ಬೆಲ್ಟು, ಕ್ಲಚ್ಚು ಎಲ್ಲ ಪಟ್ಟಿಯಿಂದ ಹೊರಗೆ. ಮೀಟರ್‌ನ ಗೇರ್ ಈ ಥರದ ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರುಗಳು, ಚಕ್ರ ತಿರುಗಿದರೆ ಇವೂ ತಿರುಗುತ್ತವೆ) ಕಡೆಯಿಂದ ತಿರುಗುತ್ತದೆ, ಹಾಗಾಗಿ ನ್ಯೂಟ್ರಲ್‌ನಲ್ಲೂ ತಿರುಗುತ್ತಲೇ ಇರುತ್ತದೆ. ಆಮೇಲೆ ಅದೇ ಖಾಲಿ ರಸ್ತೆಯಲ್ಲಿ ಎಡಕ್ಕೆ ಬಲಕ್ಕೆ ನಿಧಾನವಾಗಿ ಹಾವಿನ ಹಾಗೆ ಓಡಿಸಿದೆ. ಚಕ್ರದ ಬೇರಿಂಗ್ ಹೋಗಿದ್ದರೆ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿದಾಗ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಇದನ್ನು 2,400 ರೂಪಾಯಿ ಕೊಡುವ ಮೊದಲು ಮಾಡಬೇಕಿತ್ತು, ಅಲ್ವಾ?

ಆ ಹೊತ್ತಿಗೆ ಪಕ್ಕದ ಸೀಟಲ್ಲಿ ಕೂತಿದ್ದ ಅಪ್ಪ ಅಂದರು, "ಸದ್ದು ಕೇಳ್ತಾ ಕೂತಿದ್ದೀಯಲ್ಲೋ, ಮುಳ್ಳು ನೋಡಿದ್ಯಾ?"

ನೋಡಿರಲಿಲ್ಲ. ಮುಳ್ಳು 35ರಿಂದ 42ರ ಮಧ್ಯೆ ಸಣ್ಣಗೆ ಕುಣಿಯುತ್ತಿತ್ತು. ಕುಣಿತಕ್ಕೂ ಟಿಕ್ ಟಿಕ್‌ಗೂ ತಾಳ ಒಂದೇ. ಚಕ್ರದ ಬೇರಿಂಗ್ ಮುಳ್ಳನ್ನು ಕುಣಿಸಲಾರದು. ಅಲ್ಲಿಗೆ ಕಳ್ಳ ಕೇಬಲ್ ಸಾಲಿನಲ್ಲೇ ಇದ್ದಾನೆ ಅನ್ನುವುದು ಗಟ್ಟಿಯಾಯಿತು.

ಈಗ ಆ ಲೆಕ್ಕ. ಕೇಬಲ್‌ನ ಮೇಲ್ತುದಿ ಬಿಚ್ಚಿ, ಇನ್ನರ್ ತುದಿಗೆ ಬಿಳಿ ಟೇಪಿನ ಸಣ್ಣ ಬಾವುಟ ಅಂಟಿಸಿ, ಮನೆ ಮುಂದಿನ ರಸ್ತೆಯಲ್ಲಿ ಟೇಪು ಹಿಡಿದು 20 ಮೀಟರ್ ಅಳೆದು ಗಾಡಿ ತಳ್ಳಿದೆವು. ನಾನು ಒಳಗೆ ಕೂತು ಎಣಿಸಿದೆ, ತಳ್ಳಿದ್ದು ಭಾವ ಮತ್ತು ಪಕ್ಕದ ಮನೆ ಹುಡುಗ. ಹದಿಮೂರು ಸುತ್ತಿಗೆ ಸ್ವಲ್ಪ ಕಡಿಮೆ ಬಂತು. ಜಪಾನಿ ಲೆಕ್ಕದ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 637 ಸುತ್ತು. 20 ಮೀಟರಿಗೆ 12.7, ಸರಿಹೋಯಿತು. ಅಂದರೆ ಕೆಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಹಾರಿಸುತ್ತಿಲ್ಲ, ಅದು ಆರೋಗ್ಯವಾಗಿದೆ. ಈಗ ಚಕ್ರ ನೋಡಿ. ನಮ್ಮ ಟೈರು 145/70 ಆರ್ 12. ಅಡ್ಡಳತೆ ಸುಮಾರು 508 ಮಿಲಿಮೀಟರ್, ಸುತ್ತಳತೆ 1.6 ಮೀಟರಿನ ಹತ್ತಿರ. ಭಾರ ಬಿದ್ದಾಗ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಚಕ್ರವೂ ಕಿಲೋಮೀಟರಿಗೆ 640ರ ಆಸುಪಾಸು ಸುತ್ತುತ್ತದೆ! ಕೇಬಲ್ಲೂ ಚಕ್ರವೂ ಹೆಚ್ಚುಕಡಿಮೆ ಒಂದೇ ವೇಗ. 40ರಲ್ಲಿ ಎರಡೂ ಸೆಕೆಂಡಿಗೆ ಏಳು ಸುತ್ತು. ಸುತ್ತಿಗೊಂದು ಟಿಕ್ ಬಂದರೆ ಅದು ಚಕ್ರದ್ದೋ ಕೇಬಲ್‌ದೋ ಅಂತ ತಾಳ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಮೆಕ್ಯಾನಿಕ್ ತಾಳ ಸರಿಯಾಗಿಯೇ ಹಿಡಿದಿದ್ದರು, ಹಾಡುತ್ತಿದ್ದವನು ಬೇರೆ.

ತಳ್ಳುವಾಗ ಇನ್ನೊಂದು ಲಾಭ. ಗಾಡಿ ಮುಂದೆ ಹೋದಾಗ ಇನ್ನರ್ ಯಾವ ಕಡೆ ತಿರುಗುತ್ತದೆ ಅಂತ ಬರೆದಿಟ್ಟುಕೊಂಡೆ. ಇದು ಆಮೇಲೆ ಬೇಕಾಯಿತು.

ಬಿಚ್ಚುವ ಕೆಲಸ ಕಷ್ಟವಲ್ಲ, ಕಿರಿಕಿರಿ. ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಬೇಕು. ಮೀಟರ್ ಸುತ್ತಲಿನ ಪ್ಲಾಸ್ಟಿಕ್ ಹುಡ್, ಆಮೇಲೆ ಮೀಟರ್ ಹಿಡಿದಿರುವ ಸ್ಕ್ರೂಗಳು. ಮೀಟರನ್ನು ಮುಂದಕ್ಕೆ ಎಳೆದರೆ ಬರುವುದಿಲ್ಲ, ಕೇಬಲ್ ಬಿಗಿಯಾಗಿರುತ್ತದೆ. ಬಾನೆಟ್ ಎತ್ತಿ ಎಂಜಿನ್ ಕಡೆಯಿಂದ ಕೇಬಲನ್ನು ರಬ್ಬರ್ ಬುಷ್ ಮೂಲಕ ಸ್ವಲ್ಪ ಒಳಕ್ಕೆ ತಳ್ಳಿದರೆ ಸಡಿಲ ಸಿಗುತ್ತದೆ, ಆಗ ಹಿಂದೆ ಬೆರಳು ತೂರಿಸಿ ಪ್ಲಾಸ್ಟಿಕ್ ಲಾಕ್ ಒತ್ತಿ ಕೇಬಲ್ ಎಳೆಯಬಹುದು. ಇನ್ನೂ ಹಳೇ ಗಾಡಿಗಳಲ್ಲಿ ಲಾಕ್ ಬದಲು ಕೈಯಲ್ಲಿ ತಿರುಗಿಸುವ ನಟ್ ಇರುತ್ತದೆ. 30 ವರ್ಷದ ಪ್ಲಾಸ್ಟಿಕ್ ಅಂದರೆ ಹಪ್ಪಳ. ಚಳಿಯಲ್ಲಿ ಬಿಚ್ಚಬೇಡಿ, ಗಾಡಿ ಸ್ವಲ್ಪ ಬಿಸಿಲಲ್ಲಿ ನಿಂತ ಮೇಲೆ ಬಿಚ್ಚಿ.

ಮಾರನೇ ಬೆಳಿಗ್ಗೆ, ಕೇಬಲ್‌ನ ಮೇಲ್ತುದಿ ಮೀಟರಿಗೆ ಸಿಕ್ಕಿಸದೆ, ಬಟ್ಟೆ ಸುತ್ತಿ ಕಟ್ಟಿ, ಫೋನಿನ ಜಿಪಿಎಸ್‌ನಲ್ಲಿ ಸ್ಪೀಡ್ ನೋಡಿಕೊಂಡು ಓಡಿಸಿದೆ. ಕಿರ್ರ್ ಮಾಯ. ಟಿಕ್ ಟಿಕ್ ಮಾತ್ರ ಸಣ್ಣಗೆ ಉಳಿದಿತ್ತು.

ಇಲ್ಲಿ ನಾನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಒಂದೇ ರೋಗ ಅಂದುಕೊಂಡಿದ್ದವನಿಗೆ ಉತ್ತರ ಅರ್ಧ ಹೌದು, ಅರ್ಧ ಇಲ್ಲ ಅಂತ ಬಂದರೆ ಏನು ಮಾಡೋದು? ಆಮೇಲೆ ಹೊಳೆಯಿತು, ರೋಗ ಎರಡು. ಕೂಗು ಮೀಟರಿನದು, ಟಿಕ್ ಟಿಕ್ ಕೇಬಲಿನದು. ಇಷ್ಟು ದಿನ ಎರಡನ್ನೂ ಸೇರಿಸಿ ಒಂದೇ ಹೆಸರಿಟ್ಟು ಕರೆಯುತ್ತಿದ್ದೆ. ಇದಕ್ಕೇ ಯಾರು ಏನು ಮಾಡಿದರೂ "ಸರಿಹೋಗಲಿಲ್ಲ" ಅನ್ನಿಸುತ್ತಿದ್ದದ್ದು.

ಮೊದಲು ಕೇಬಲ್. ನನ್ನ ಕೇಬಲಿನಲ್ಲಿ ಇನ್ನರ್ ಮೇಲಿನಿಂದ ಎಳೆದರೆ ಹೊರಗೆ ಬಂತು, ಎಲ್ಲ ಕೇಬಲಿನಲ್ಲೂ ಹೀಗೆ ಬರುವುದಿಲ್ಲ. ಇನ್ನರ್ ಪೂರ್ತಿ ತೆಗೆದು ಒಂದು ಸುತ್ತು ಹಾಕಿ ಬಂದೆ. ಒಂದು ಸದ್ದೂ ಇಲ್ಲ. ಇನ್ನರನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದಾಗ, ಮೇಲ್ತುದಿಯಿಂದ ಒಂದೂವರೆ ಗೇಣು ಕೆಳಗೆ ಒಂದು ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಪ್ಪು. ಟೇಬಲ್ ಮೇಲೆ ಉದ್ದಕ್ಕೆ ಇಟ್ಟು ಅಂಗೈಯಲ್ಲಿ ಉರುಳಿಸಿದೆ. ನೆಟ್ಟಗಿರುವ ಇನ್ನರ್ ಚಪಾತಿ ಲಟ್ಟಣಿಗೆ ಹಾಗೆ ಉರುಳುತ್ತದೆ. ಇದು ಆ ಹೊಳೆಯುವ ಜಾಗದಲ್ಲಿ ಎದ್ದು ಬಿದ್ದು ಎದ್ದು ಬಿದ್ದು ಹೋಯಿತು. ಸುತ್ತಿಗೊಂದು ಟಿಕ್ ಯಾಕೆ ಅಂತ ಗೊತ್ತಾಯಿತು. ಮುಳ್ಳು ಯಾಕೆ ಕುಣಿಯುತ್ತದೆ ಅಂತಲೂ. ಬಾಗಿದ ಇನ್ನರ್ ಸುತ್ತಿನ ಅರ್ಧದಲ್ಲಿ ತಡೆದು, ಆಮೇಲೆ ಜಾರಿ ಮುಂದೆ ಜಿಗಿಯುತ್ತದೆ. ಅಯಸ್ಕಾಂತವೂ ಹಾಗೇ ಜಿಗಿಯುತ್ತದೆ, ಮುಳ್ಳೂ ಹಾಗೇ.

ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಇತ್ತು. ಜೆ.ಸಿ. ರಸ್ತೆಯಲ್ಲಿ ಹೊಸ ಕೇಬಲ್ ತಂದೆ, 350 ರೂಪಾಯಿ. ಹಾಕಿದೆ. ಎರಡು ದಿನ ಮುಳ್ಳು ಬಂಡೆ ಹಾಗೆ ನಿಂತಿತ್ತು. ಮೂರನೇ ದಿನ ಸಣ್ಣಗೆ ಟಿಕ್.

ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಹೊಳೆಯುವ ಜಾಗ ನೋಡಿ "ಇನ್ನರ್ ಸವೆದಿದೆ" ಅಂದುಕೊಂಡೆನೇ ಹೊರತು ಅದೇ ಜಾಗದಲ್ಲಿ ಯಾಕೆ ಸವೆಯಿತು ಅಂತ ಕೇಳಿಕೊಳ್ಳಲಿಲ್ಲ. 30 ವರ್ಷ ಸುಮ್ಮನಿದ್ದ ಕೇಬಲ್ ಈ ಡಿಸೆಂಬರಿನಲ್ಲಿ ಯಾಕೆ ಹಟ ಹಿಡಿಯಿತು? ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಗೊಣಗುತ್ತಿದ್ದೆ. ಅಪ್ಪ ಎದ್ದು ಹೋಗಿ ಡೈರಿ ತಂದರು. ಕನ್ನಡಕ ಏರಿಸಿ ಹಿಂದಕ್ಕೆ ಹಾಳೆ ತಿರುವಿದರು. ಡಿಸೆಂಬರ್‌ಗೆ ಮೊದಲು ಗಾಡಿಗೆ ಕೈ ಹಾಕಿದ್ದು ಒಂದೇ ಸಲ. ನವೆಂಬರ್ ಮೂರನೇ ವಾರ: "ಹೊಸ ಸ್ಟೀರಿಯೋ ಹಾಕಿಸಿದ್ದು."

ಮಗಳ ಹಟಕ್ಕೆ ಬ್ಲೂಟೂತ್ ಸ್ಟೀರಿಯೋ ಹಾಕಿಸಿದ್ದೆ. ನಾನೇ ಮರೆತಿದ್ದೆ.

ಟಾರ್ಚ್ ಹಿಡಿದು ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿದೆ. ಈ ಗಾಡಿಯ ಒಳಗೆ ಆರಡಿ ಮನುಷ್ಯ ಮಲಗುವುದೇ ಒಂದು ಯೋಗಾಸನ. ಸ್ಟೀರಿಯೋದವರು ಅವರ ವೈರುಗಳ ಗಂಟನ್ನು ಜೋಲಾಡದಂತೆ ಕಟ್ಟಲು ಒಂದು ಆಸರೆ ಹುಡುಕಿದ್ದಾರೆ, ಸಿಕ್ಕಿದ್ದು ಮೀಟರ್ ಕೇಬಲ್. ಕೇಬಲ್ ಟೈ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಹಾಕಿ ಎಳೆದು ಬಿಗಿದಿದ್ದಾರೆ. ಮೀಟರ್ ಹಿಂದೆ ದೊಡ್ಡದಾಗಿ ತಿರುಗಿ ಇಳಿಯಬೇಕಿದ್ದ ಕೇಬಲ್ ಅಲ್ಲಿ ಮಕ್ಕಳ ಬಳೆಯಷ್ಟು ಸಣ್ಣ ತಿರುವು ತಗೊಂಡಿತ್ತು. ಮೀಟರ್ ಕೇಬಲ್‌ನ ತಿರುವು ಎಲ್ಲೂ ಊಟದ ತಟ್ಟೆಗಿಂತ ಚಿಕ್ಕದಾಗಬಾರದು. ಅಳತೆಯಲ್ಲಿ ಹೇಳಬೇಕೆಂದರೆ ತಿರುವಿನ ತ್ರಿಜ್ಯ 15 ಸೆಂಟಿಮೀಟರಿಗೆ ಕಡಿಮೆ ಇರಬಾರದು. ನಾನೇ ಹೊಸ ಕೇಬಲ್ ಹಾಕುವಾಗ ಆ ಟೈ ಒಳಗೆ ತೂರಿಸಿ, ಹಳೇ ದಾರಿಯಲ್ಲೇ ತಂದಿದ್ದೆ. "ಇದ್ದ ಹಾಗೇ ಹಾಕು" ಅನ್ನುವ ರೂಢಿ ಕೆಲವು ಸಲ ಹೀಗೆ ಕೈಕೊಡುತ್ತದೆ.

ಬ್ಲೇಡಿನಲ್ಲಿ ಟೈ ಕತ್ತರಿಸಿದೆ. ವೈರುಗಳನ್ನು ಬೇರೆ ಕಡೆ ಕಟ್ಟಿದೆ. ಹೊಸ ಇನ್ನರ್ ತೆಗೆದು ಟೇಬಲ್ ಮೇಲೆ ಉರುಳಿಸಿದೆ, ಪುಣ್ಯಕ್ಕೆ ಇನ್ನೂ ನೆಟ್ಟಗಿತ್ತು. ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿದೆ, ಆದರೆ ಮೇಲಿನ ಒಂದು ಗೇಣು ಬಿಟ್ಟು. ಅಷ್ಟನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿಯೇ ಹಾಕಬೇಕು. ಇನ್ನರ್ ಅಂದರೆ ಸುತ್ತಿದ ತಂತಿ, ತಿರುಗುವಾಗ ಅದು ತಿರುಪಿನ ಹಾಗೆ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಒಂದು ಗೇಣು ಒಣಗಿದ್ದರೂ ಕೆಳಗಿನಿಂದ ಬಂದಿದ್ದು ಅಲ್ಲಿಗೆ ಸಾಕು. ಪೂರ್ತಿ ಬಳಿದರೆ ಅದು ಮೀಟರ್ ಹೊಟ್ಟೆಗೆ ಹೋಗುತ್ತದೆ. ಟಿಕ್ ಟಿಕ್ ಕತೆ ಅಲ್ಲಿಗೆ ಮುಗಿಯಿತು.

ಕಿರ್ರ್ ಇನ್ನೂ ಇತ್ತು.

ಮೀಟರನ್ನು ಅಡುಗೆಮನೆ ಟೇಬಲ್ ಮೇಲೆ ತಂದಿಟ್ಟೆ. ರಸ್ತೆಯಲ್ಲಿ ಓಡಿಸಿ ಓಡಿಸಿ ಕೇಳುವ ಬದಲು ಇಲ್ಲೇ ಕೂಗಿಸೋಣ ಅಂತ. ಹಳೇ ಇನ್ನರ್‌ನ ಮೇಲ್ತುದಿಯಿಂದ ನಾಲ್ಕು ಬೆರಳಷ್ಟು ತುಂಡು ಕತ್ತರಿಸಿ, ಚೌಕದ ತುದಿ ಮೀಟರಿಗೆ, ಇನ್ನೊಂದು ತುದಿ ಬ್ಯಾಟರಿ ಡ್ರಿಲ್ಲಿಗೆ ಹಾಕಿದೆ. ದಿಕ್ಕು ಮೊದಲೇ ಬರೆದಿಟ್ಟಿದ್ದೆನಲ್ಲ, ಅದರ ಪ್ರಕಾರ. ಉಲ್ಟಾ ತಿರುಗಿಸಿದರೆ ಮುಳ್ಳು ಸೊನ್ನೆಯ ಗೂಟಕ್ಕೆ ಒತ್ತಿಕೊಳ್ಳುತ್ತದೆ. ಡ್ರಿಲ್‌ನ ನಿಧಾನದ ಗೇರಿನಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು. 60ರ ವೇಗ ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಅಂದರೆ 637 ಸುತ್ತು. ಹಾಗಾದರೆ 400ಕ್ಕೆ 38ರ ಹತ್ತಿರ ಬರಬೇಕು. ಬಂತು. ಆದರೆ ಕೂಗಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಬೆಚ್ಚಗಿತ್ತು.

ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ಆಡದ ಹಾಗೆ ಕಟ್ಟಿ ಫ್ರಿಜ್‌ನಲ್ಲಿಟ್ಟೆ. ಅರ್ಧ ಗಂಟೆ ಆದ ಮೇಲೆ ಹೆಂಡತಿ ಹಾಲು ತೆಗೆಯಲು ಹೋಗಿ, "ಏನ್ರೀ ಇದು, ಮೊಸರಿನ ಪಕ್ಕ ಮೀಟರು?" ಅಂದಳು. ಹೊರಗೆ ತೆಗೆದು ಡ್ರಿಲ್ ಒತ್ತಿದ್ದೇ ತಡ, ಅಡುಗೆಮನೆ ತುಂಬಾ ಜೀರುಂಡೆ. ಅಷ್ಟು ಖುಷಿ ನನಗೆ ಆ ತಿಂಗಳಲ್ಲಿ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ಕಾರಣ ಸರಳ. ಅಯಸ್ಕಾಂತದ ಶಾಫ್ಟ್ (ಕಡ್ಡಿ) ಒಂದು ಪುಟ್ಟ ಬುಷ್‌ನಲ್ಲಿ, ಅಂದರೆ ಬಳೆಯಂಥ ಆಸರೆಯಲ್ಲಿ, ತಿರುಗುತ್ತದೆ. ಅಲ್ಲಿ ಕಂಪನಿಯಲ್ಲಿ ಹಾಕಿದ್ದ ಎಣ್ಣೆ 30 ವರ್ಷದಲ್ಲಿ ಗೋಂದಾಗಿದೆ. ಚಳಿಯಲ್ಲಿ ಗಟ್ಟಿಯಾದಾಗ ಶಾಫ್ಟ್ ಹಿಡಿಯುತ್ತದೆ, ಬಿಡುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ಪಿಟೀಲಿನ ತಂತಿ ಮೇಲೆ ಕಮಾನು ಎಳೆದಂತೆ. ಇದನ್ನು ಹಾಗೇ ಬಿಟ್ಟರೆ ಒಂದಿನ ಶಾಫ್ಟ್ ಪೂರ್ತಿ ಹಿಡಿದುಕೊಂಡು ಇನ್ನರ್ ತುಂಡಾಗಬಹುದು, ಇಲ್ಲವೇ ಬಟ್ಟಲು ಅಯಸ್ಕಾಂತಕ್ಕೆ ಸಿಕ್ಕಿ ಮುಳ್ಳು ಕೊನೆಯ ಗೂಟಕ್ಕೆ ಹೊಡೆಯಬಹುದು. ಕೇಬಲ್ ಕಿತ್ತಿಟ್ಟು ಓಡಿಸೋಣ ಅಂದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮದ ಪ್ರಕಾರ ಗಾಡಿಗೆ ಸ್ಪೀಡೋಮೀಟರ್ ಇರಲೇಬೇಕು, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಅದು ಸತ್ತಿದ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಹೊಲಿಗೆ ಮಷೀನಿನ ಎಣ್ಣೆ ತಂದೆ. ಸಿರಿಂಜಿನ ಸೂಜಿಯಲ್ಲಿ ಬುಷ್‌ನ ಬಾಯಿಗೆ ಒಂದು ಹನಿ. ಡ್ರಿಲ್ ಒತ್ತಿದೆ, ಕೂಗು ಅರ್ಧಕ್ಕಿಳಿಯಿತು. ಅಲ್ಲಿಗೆ ನಿಲ್ಲಿಸಿ ಒಂದು ರಾತ್ರಿ ಬಿಟ್ಟಿದ್ದರೆ ಎಣ್ಣೆ ತಾನೇ ಇಳಿಯುತ್ತಿತ್ತು. ನಿಲ್ಲಿಸುವ ಬುದ್ಧಿ ಬರಲಿಲ್ಲ. ಇನ್ನೊಂದು ಹನಿ. ಮತ್ತೊಂದು. ಕೂಗು ನಿಂತಿತು, ಮುಳ್ಳು 38ರ ಬದಲು 55 ತೋರಿಸಿತು!

ಎಣ್ಣೆ ಬುಷ್ ದಾಟಿ ಬಟ್ಟಲಿಗೂ ಅಯಸ್ಕಾಂತಕ್ಕೂ ಮಧ್ಯೆ ಸೇರಿತ್ತು. ಅಲ್ಲಿ ಇರಬೇಕಾದ್ದು ಬರೀ ಗಾಳಿ. ಎಣ್ಣೆ ಅಂಟಿಕೊಂಡು ಬಟ್ಟಲನ್ನು ತಾನೂ ಎಳೆಯತೊಡಗಿದ್ದರಿಂದ ಮೀಟರ್ ಸುಳ್ಳು ಹೇಳುತ್ತಿತ್ತು.

ಇದನ್ನು ಬಿಚ್ಚುವ ಧೈರ್ಯ ನನಗಿರಲಿಲ್ಲ. ಮುಳ್ಳು ಕಿತ್ತರೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಕಷ್ಟ, ಸ್ಪ್ರಿಂಗ್ ಒಂದು ಸಲ ಸೊಟ್ಟಗಾದರೆ ಮುಗಿಯಿತು. ಊರಲ್ಲೇ ಒಬ್ಬರು ಹಿರಿಯರು ಆಟೋ ಮೀಟರ್‌ಗಳಿಗೆ ಬಾವುಟ ಇದ್ದ ಕಾಲದಿಂದ ಮೀಟರ್ ರಿಪೇರಿ ಮಾಡಿಕೊಂಡು ಬಂದಿದ್ದಾರೆ. ತಗೊಂಡು ಹೋದೆ. ಕಣ್ಣಿಗೆ ವಾಚ್ ರಿಪೇರಿಯವರ ಮಸೂರ ಸಿಕ್ಕಿಸಿಕೊಂಡು ಒಂದು ನಿಮಿಷ ನೋಡಿ, "ಎಣ್ಣೆ ಯಾರು ಹಾಕಿದ್ದು?" ಅಂದರು. ನಾನು ತಲೆ ತಗ್ಗಿಸಿದೆ. "ಇದು ದೀಪ ಅಲ್ಲಪ್ಪ, ತುಂಬಾ ಸುರಿಯೋಕೆ" ಅಂದರು.

ಮುಳ್ಳು ಮುಟ್ಟದೆಯೇ ಕೆಲಸ ಮಾಡಿದರು. ತೆಳು ಕಾಗದದ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟಲಿನ ಸಂದಿಗೆ ತೂರಿಸಿ, ಸುತ್ತ ಎಳೆದು, ಎಸೆದು, ಮತ್ತೊಂದು. ಹತ್ತು ಹದಿನೈದು ಪಟ್ಟಿ ಆಗಿರಬೇಕು. ಸ್ಪಿರಿಟ್ ಡಯಲ್‌ಗೆ ತಾಗದ ಹಾಗೆ ನೋಡಿಕೊಂಡರು, ತಾಗಿದರೆ ಅಂಕಿಗಳು ಎದ್ದು ಬರುತ್ತವಂತೆ. ಬುಷ್‌ನ ಹಳೇ ಗೋಂದನ್ನೂ ಅದೇ ರೀತಿ ತೊಳೆದರು. ಕೊನೆಗೆ ಹೊಲಿಗೆ ಸೂಜಿಯ ತುದಿಯನ್ನು ಎಣ್ಣೆಗೆ ಅದ್ದಿ, ಸೂಜಿಗೆ ಎಷ್ಟು ಅಂಟಿತೋ ಅಷ್ಟೇ, ಒಂದು ಹನಿಯ ಕಾಲು ಭಾಗವೂ ಇರಲಿಕ್ಕಿಲ್ಲ, ಬುಷ್‌ಗೆ ಮುಟ್ಟಿಸಿದರು. 200 ರೂಪಾಯಿ ತಗೊಂಡರು. ಕೊಡುವಾಗ ನನಗೆ 2,400ರ ಬೇರಿಂಗ್ ನೆನಪಾಯಿತು. ಮನೆಗೆ ಬಂದು ಮತ್ತೆ ಫ್ರಿಜ್‌ಗೆ ಹಾಕಿ ಡ್ರಿಲ್ ಒತ್ತಿದೆ. ಮೌನ. ಮುಳ್ಳು 38ರಲ್ಲಿ.

ಗಾಡಿಗೆ ಸೇರಿಸಿದೆ. ಮೀಟರ್ ಒಳಗೆ ತಳ್ಳುವಾಗ ಎಂಜಿನ್ ಕಡೆಯಿಂದ ಕೇಬಲನ್ನು ನಿಧಾನವಾಗಿ ವಾಪಸ್ ಎಳೆಯುತ್ತಾ ಹೋಗಬೇಕು, ಇಲ್ಲದಿದ್ದರೆ ಒಳಗೆ ಸೇರಿಸಿದ ಸಡಿಲವೇ ಮಡಿಚಿ ಮತ್ತೆ ಬಳೆಯಾಗುತ್ತದೆ. ಫೆಬ್ರವರಿ ಮೊದಲ ವಾರ ಬೆಳಿಗ್ಗೆ 6 ಗಂಟೆ, ಮಂಜು ಇತ್ತು, ಬೈಪಾಸ್ ಕಡೆ ಹೋದೆವು. ಮೀಟರ್ 60 ಅಂದಾಗ ಫೋನು 56 ಅನ್ನುತ್ತಿತ್ತು. ಮೀಟರ್ ಸ್ವಲ್ಪ ಜಾಸ್ತಿ ತೋರಿಸುವುದು ಮಾಮೂಲು, ಕಡಿಮೆ ತೋರಿಸಿದರೆ ಯೋಚಿಸಬೇಕು. ಮುಳ್ಳು ಕುಣಿಯಲಿಲ್ಲ. ಹೊರಟ ಮೊದಲ ಅರ್ಧ ಕಿಲೋಮೀಟರ್ ಸಣ್ಣಗೆ ಸರ್ ಅನ್ನುವ ಸದ್ದೊಂದು ಇದೆ, ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. ಅದು ಗ್ರೀಸ್ ಬೆಚ್ಚಗಾಗುವವರೆಗಿನ ಮಾತು, ಅದನ್ನು ಬಿಟ್ಟಿದ್ದೇನೆ.

ಮನೆಗೆ ಬಂದ ಮೇಲೆ ಅಪ್ಪ ಡೈರಿ ತೆಗೆದರು. ಮೀಟರ್ ಬಿಚ್ಚಿ ಓಡಿಸಿದ್ದು ಒಟ್ಟು ಎಷ್ಟು ಅಂತ ಕೇಳಿದರು. ಫೋನ್ ನೋಡಿ ಹೇಳಿದೆ, ಒಂದು ದಿನ 23, ಇನ್ನೊಂದು ದಿನ 19. ಕೆಂಪು ಪೆನ್ನಿನಲ್ಲಿ ಬರೆದುಕೊಂಡರು: "ಮೀಟರಿಗೆ ಬಾರದ ಕಿ.ಮೀ. 42." ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದರು.